ಪೋಸ್ಟರೂ ಬಂತು, ಜೊತೆಗೆ ಪೇಂಟೂ ಬಂತು!

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಮಕ್ಕಳ ಚಾರ್ಟು ಅಂಟಿಸೋಕೆ ಸೆಲ್ಲೋ ಟೇಪ್ ಬದಲು ಆ ಮೆತ್ತನೆ ಅಂಟು ಪುಟ್ಟಿ ಬಳಸಿ, ತೆಗೆದು ಮತ್ತೆ ಉಪಯೋಗಿಸಬಹುದು ಅಂತ ಒಂದೇ ಒಂದು ಸಾಲು ಬರೆದಿದ್ವಿ. ಅದಕ್ಕೆ ಬಂದಿರೋ ಪತ್ರಗಳು, ಮೆಸೇಜುಗಳು ನೋಡಿದ್ರೆ ಅರ್ಧ ಜನ ಅಂಟ್ತಾನೇ ಇಲ್ಲ ಅಂತಾರೆ, ಇನ್ನರ್ಧ ಜನ ಬಿಡ್ತಾನೇ ಇಲ್ಲ ಅಂತಾರೆ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಒಂದ್ ಮಾತು ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಮಾತಾಡ್ತಿರೋದು ಬ್ಲೂ ಟ್ಯಾಕ್, ಟ್ಯಾಕ್ ಇಟ್ ಅಂತೆಲ್ಲ ಸ್ಟೇಷನರಿ ಅಂಗಡೀಲಿ ಪ್ಯಾಕೆಟ್ಟಲ್ಲಿ ಸಿಗುತ್ತಲ್ಲ ಅದರ ಬಗ್ಗೆ. ಪೇಂಟರ್ ಗೋಡೆಗೆ ಎಳಿಯೋ ವಾಲ್ ಪುಟ್ಟಿನೂ ಅಲ್ಲ, ಪೈಪ್ ಲೀಕ್ ಆದ್ರೆ ಮೆತ್ತೋ ಎಂ-ಸೀಲೂ ಅಲ್ಲ. ಎಂ-ಸೀಲ್ ಗಟ್ಟಿಯಾದ್ಮೇಲೆ ಕಲ್ಲು. ಅದನ್ನ ಹಾಕಿ ಕ್ಯಾಲೆಂಡರ್ ಅಂಟಿಸಿದೋರ ಪತ್ರಾನೂ ಒಂದು ಬಂದಿದೆ, ಅವರಿಗೆ ನಮ್ಮ ಸಹಾನುಭೂತಿ ಬಿಟ್ರೆ ಬೇರೇನೂ ಕೊಡೋಕಾಗಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ಬಾಡಿಗೆ ಮನೇಲಿದೀವಿ, ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ಮಗಳ ರೂಮಲ್ಲಿ ಅಆಇಈ ಚಾರ್ಟು, ಮಗ್ಗಿ ಚಾರ್ಟು, ಇಂಡಿಯಾ ಮ್ಯಾಪು ಎಲ್ಲ ಈ ಪುಟ್ಟಿ ಹಾಕೇ ಅಂಟಿಸಿದ್ದು, ಎರಡು ವರ್ಷದ ಮೇಲಾಯ್ತು. ನಿನ್ನೆ ಒಂದು ಚಾರ್ಟ್ ಕಿತ್ರೆ ನಾಕು ಮೂಲೇಲೂ ಪೇಂಟು ಚಕ್ಕೆ ಎದ್ದು ಬಂತು, ಒಳಗಿನ ಬಿಳಿ ಕಾಣ್ತಿದೆ. ಇನ್ನೂ ಆರು ಚಾರ್ಟ್ ಬಾಕಿ ಇದೆ. ಓನರ್ ಅಡ್ವಾನ್ಸಲ್ಲಿ ಹಿಡ್ಕೋತಾರೆ ಅಂತ ಭಯ. ಏನ್ ಮಾಡ್ಲಿ?
(ವಿಜಯನಗರ, ಬೆಂಗಳೂರು)

ಉತ್ತರ: ಮೊದಲು ಆ ಆರು ಚಾರ್ಟಿನ ಮೇಲಿಂದ ಕೈ ತೆಗೀರಿ. ಚಾರ್ಟ್ ಹಿಡಿದು ಎಳೆದ್ರೆ ಬಲ ಎಲ್ಲ ನೇರ ಹೊರಕ್ಕೆ ಬೀಳುತ್ತೆ, ಪುಟ್ಟಿ ಎಷ್ಟಗಲ ಅಂಟಿದೆಯೋ ಅಷ್ಟಗಲದ ಪೇಂಟ್ ಸಮೇತ ಬರುತ್ತೆ. ಹೂ ಕಟ್ಟೋ ದಾರ ಇಲ್ಲಾಂದ್ರೆ ಹಲ್ಲಿನ ಸಂದಿಗೆ ಹಾಕೋ ಫ್ಲಾಸ್ ತಗೊಂಡು ಚಾರ್ಟಿಗೂ ಗೋಡೆಗೂ ಮಧ್ಯೆ ತೂರಿಸಿ, ಎರಡೂ ತುದಿ ಹಿಡ್ಕೊಂಡು ಆ ಕಡೆ ಈ ಕಡೆ ಎಳೀತಾ ನಿಧಾನಕ್ಕೆ ಕೆಳಗೆ ಬನ್ನಿ, ಪುಟ್ಟಿ ಮಧ್ಯಕ್ಕೇ ಕತ್ತರಿಸಿಕೊಂಡು ಚಾರ್ಟ್ ಕೈಗೆ ಬರುತ್ತೆ, ಅರ್ಧ ಪುಟ್ಟಿ ಗೋಡೇಲೇ ಉಳಿಯುತ್ತೆ. ಉಳೀಲಿ ಬಿಡಿ, ಅದನ್ನ ಆಮೇಲೆ ನೋಡ್ಕೊಳ್ಳೋಣ.

ಗೋಡೇಲಿ ಉಳಿದಿದ್ದನ್ನ ತೆಗಿಯೋಕೆ ಅತಿ ಒಳ್ಳೆ ಸಾಧನ ಅಂದ್ರೆ ಅದೇ ಪುಟ್ಟಿ. ಒಂದು ಗೋಲಿಯಷ್ಟು ಹೊಸ ಪುಟ್ಟಿ ತಗೊಂಡು ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ ಬೆಚ್ಚಗೆ ಮಾಡ್ಕೊಳಿ, ಹಳೇದರ ಮೇಲೆ ಒತ್ತಿ, ನೇರ ಎಳೀಬೇಡಿ, ಗೋಡೆಗೆ ಒರಗಿಸಿಕೊಂಡೇ ಬೆರಳಲ್ಲಿ ಉರುಳಿಸ್ತಾ ತಿರುಚ್ತಾ ತನ್ನಿ. ಹಳೇದು ಹೊಸದಕ್ಕೆ ಅಂಟಿಕೊಂಡು ಬರುತ್ತೆ. ಪೂರ್ತಿ ಬರಲಿಲ್ಲ ಅಂದ್ರೆ ಉಂಡೆ ಮಡಚಿ ಶುಭ್ರ ಭಾಗ ಹೊರಗೆ ಮಾಡಿ ಮತ್ತೆ ಒತ್ತಿ. ತಾಳ್ಮೆ ಬೇಕು ಅಷ್ಟೇ, ಒಂದೊಂದು ಚುಕ್ಕೆಗೂ ಹತ್ತು ಹದಿನೈದು ಸಲ ಒತ್ತಬೇಕಾಗಬಹುದು. ಚಾಕು, ಉಗುರು, ಸ್ಟೀಲ್ ಸ್ಕೇಲ್ ಯಾವುದೂ ಬೇಡ. ಹಳೇ ಎಟಿಎಂ ಕಾರ್ಡ್ ಆಗ್ಬಹುದು, ಅದೂ ದಪ್ಪ ಉಂಡೆ ಇದ್ರೆ ಮಾತ್ರ.

ಈ ಕೆಲಸ ಬೆಳಗ್ಗೆ ಮಾಡಿ. ಪಶ್ಚಿಮದ ಗೋಡೆ ಮಧ್ಯಾಹ್ನ ಬಿಸಿಲು ಕುಡಿದು ಬೆಚ್ಚಗಾಗಿರುತ್ತೆ, ಆಗ ಪುಟ್ಟಿ ಮೆತ್ತಗಾಗಿ ಎಳೆ ಎಳೆಯಾಗಿ ಹರಡಿಕೊಳ್ಳುತ್ತೆ, ಗೋಡೆಯ ಸಣ್ಣ ಸಣ್ಣ ರಂಧ್ರದೊಳಗೆಲ್ಲ ಇಳಿಯುತ್ತೆ. ತಣ್ಣಗಿದ್ರೆ ಗಟ್ಟಿಯಾಗಿ ಒಂದೇ ಮುದ್ದೆಯಾಗಿ ಎದ್ದು ಬರುತ್ತೆ. ಕೆಲವರು ಐಸ್ ಹಿಡಿಯಿರಿ ಅಂತಾರೆ, ಒಳ್ಳೇದೇ, ಆದ್ರೆ ಐಸ್ ಬೆವತು ನೀರಿಳಿಯುತ್ತೆ, ನಿಮ್ಮ ಗೋಡೆ ಡಿಸ್ಟೆಂಪರ್ ಆಗಿದ್ರೆ ಪುಟ್ಟಿ ಕಲೆ ಹೋಗಿ ನೀರಿನ ಕಲೆ ಬಂತು ಅಂತಾಗುತ್ತೆ.

ಡಿಸ್ಟೆಂಪರೋ ಎಮಲ್ಷನ್ನೋ ಅಂತ ಗೊತ್ತಿಲ್ವಾ? ಒದ್ದೆ ಬಿಳಿ ಬಟ್ಟೆ ತಗೊಂಡು ಬೀರು ಹಿಂದೆ ಎಲ್ಲಾದ್ರೂ ಕಾಣದ ಕಡೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಬಂತು ಅಂದ್ರೆ ಡಿಸ್ಟೆಂಪರ್ ಅಥವಾ ಸುಣ್ಣ, ಬರಲಿಲ್ಲ ಅಂದ್ರೆ ಹೆಚ್ಚಾಗಿ ಎಮಲ್ಷನ್. ನಿಮಗೆ ಚಕ್ಕೆ ಎದ್ದಿದ್ದು ನೋಡಿದ್ರೆ ಪೇಂಟು ಗೋಡೇನ ಸರಿಯಾಗಿ ಹಿಡಿದೇ ಇಲ್ಲ ಅನ್ಸುತ್ತೆ. ಪ್ರೈಮರ್ ಹಾಕದೆ ಧೂಳಿನ ಮೇಲೇ ಬಳಿದಿದ್ರೋ, ಗೋಡೆ ತೇವ ಇದ್ದಾಗ ಬಳಿದಿದ್ರೋ ಹೀಗಾಗುತ್ತೆ, ಪುಟ್ಟಿ ಎಳೆದಾಗ ಯಾವ ಪದರ ದುರ್ಬಲವೋ ಅದೇ ಮೊದಲು ಬಿಡೋದು. ಚೆನ್ನಾಗಿ ಪ್ರೈಮರ್ ಹೊಡೆದು ಬಳಿದ ಎಮಲ್ಷನ್ ಗೋಡೆ ಇಷ್ಟು ಸುಲಭಕ್ಕೆ ಬಿಡಲ್ಲ. ಹಂಗೇ, ಹೊಸದಾಗಿ ಪೇಂಟ್ ಮಾಡಿಸಿದೋರು ಒಂದು ತಿಂಗಳಾದ್ರೂ ಏನೂ ಅಂಟಿಸಬೇಡಿ. ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ಒಳಗೆ ಪೂರ್ತಿ ಗಟ್ಟಿಯಾಗೋಕೆ ವಾರಗಳೇ ಬೇಕು.

ಪುಟ್ಟಿ ಹೋದ್ಮೇಲೆ ಎಣ್ಣೆ ಜಿಡ್ಡಿನಂಥ ಗುಂಡು ಕಲೆ ಉಳಿದ್ರೆ, ಎಮಲ್ಷನ್ ಗೋಡೆ ಆಗಿದ್ರೆ ಪಾತ್ರೆ ತೊಳಿಯೋ ಲಿಕ್ವಿಡ್ ಒಂದು ಹನಿ ಹಿಂಡಿದ ಬಟ್ಟೇಲಿ ಹಾಕಿ ಹಗುರಕ್ಕೆ ಒರೆಸಿ. ಡಿಸ್ಟೆಂಪರ್ ಆಗಿದ್ರೆ ಒರೆಸೋಕೆ ಹೋಗ್ಬೇಡಿ, ಚಾಕ್‌ಪೀಸ್ ಪುಡಿ ಒತ್ತಿ ಒಂದು ರಾತ್ರಿ ಬಿಟ್ಟು ಬ್ರಷ್ಷಲ್ಲಿ ಕೊಡವಿ, ಎಷ್ಟು ಹೀರುತ್ತೋ ಅಷ್ಟೇ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್ ಇವೆಲ್ಲ ಗೋಡೆ ಹತ್ರಾನೂ ತರಬೇಡಿ, ಪುಟ್ಟಿಗಿಂತ ಮೊದಲು ಪೇಂಟೇ ಕರಗಿ ಕೈಗೆ ಬರುತ್ತೆ.

ಈಗಾಗಲೇ ಚಕ್ಕೆ ಎದ್ದಿರೋ ಕಡೆ ಸ್ವಲ್ಪ ವಾಲ್ ಪುಟ್ಟಿ ಕಲಸಿ ತುಂಬಿ, ಒಣಗಿದ್ಮೇಲೆ ನಯ ಸ್ಯಾಂಡ್ ಪೇಪರ್ ಆಡಿಸಿ, ಪ್ರೈಮರ್ ಒಂದು ಕೈ, ಆಮೇಲೆ ಬಣ್ಣ. ಎಣ್ಣೆ ಕಲೆ ಇರೋ ಜಾಗಕ್ಕಾದ್ರೆ ನೀರಿನ ಪ್ರೈಮರ್ ಸಾಲಲ್ಲ, ಆಯಿಲ್ ಬೇಸ್ಡ್ ಪ್ರೈಮರ್ ಹಾಕ್ಬೇಕು, ಇಲ್ಲಾಂದ್ರೆ ಎಷ್ಟು ಕೋಟ್ ಹೊಡೆದ್ರೂ ಕಲೆ ಮೇಲಕ್ಕೆ ಬಂದು ಕೂರುತ್ತೆ.

ಆದ್ರೆ ಇಷ್ಟೆಲ್ಲ ಮಾಡೋ ಮುಂಚೆ ಒಂದ್ಸಲ ರೆಂಟಲ್ ಅಗ್ರಿಮೆಂಟ್ ತೆಗೆದು ಓದಿ ಮೇಡಂ. ಬೆಂಗಳೂರಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಮಾಮೂಲಿ, ಎಷ್ಟೋ ಅಗ್ರಿಮೆಂಟಲ್ಲಿ ಅದು ಬರೆದೇ ಇರುತ್ತೆ. ಬರೆದಿದ್ರೆ ಗೋಡೆ ಹೊಳೀತಿದ್ರೂ ಹಿಡೀತಾರೆ, ಚಕ್ಕೆ ಎದ್ದಿದ್ರೂ ಅಷ್ಟೇ ಹಿಡೀತಾರೆ, ನೀವು ಸೊಂಟ ನೋಯಿಸಿಕೊಂಡು ಟಚಪ್ ಮಾಡೋದು ದಂಡ. ಬರೆದಿಲ್ಲ ಅಂದ್ರೆ ಓನರ್ ಹತ್ರ ಆ ಬಣ್ಣದ ಶೇಡ್ ನಂಬರ್ ಕೇಳಿ, ಉಳಿದ ಡಬ್ಬ ಇದ್ರೆ ಇನ್ನೂ ಒಳ್ಳೇದು. ಅಂದಾಜಿಗೆ ತಂದ ಬಣ್ಣದಲ್ಲಿ ಮಾಡಿದ ಟಚಪ್ ಆ ಚಕ್ಕೆಗಿಂತ ಎದ್ದು ಕಾಣುತ್ತೆ.

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರ. ನಮ್ಮದು ಹಳೇ ಮನಿ, ಗ್ವಾಡಿಗೆ ಸುಣ್ಣ ಹಚ್ಚೇವ್ರಿ. ಈ ಪುಟ್ಟಿ ಹಚ್ಚಿ ಹುಡುಗನ ಟೈಮ್ ಟೇಬಲ್ ಅಂಟಿಸಿದ್ರ ಒಂದ್ ತಾಸಿಗೆ ಕೆಳಗ ಬಿದ್ದಿರ್ತೈತ್ರಿ. ಪುಟ್ಟಿ ತಿರುವಿ ನೋಡಿದ್ರ ಬರೇ ಬಿಳೀ ಪುಡಿ. ಮಾಲು ಖೊಟ್ಟಿ ಐತೇನ್ರಿ?
(ಧಾರವಾಡ)

ಉತ್ತರ: ಮಾಲು ಸರಿ ಇದೆ ರೀ, ಅದು ಹಿಡಿದಿದ್ದು ಗೋಡೇನಲ್ಲ, ಸುಣ್ಣದ ಪುಡೀನ. ಪುಡಿ ಕಿತ್ಕೊಂಡು ಬಂತು, ಪೇಪರೂ ಬಂತು. ಸುಣ್ಣದ ಗೋಡೆಗೆ ಇದು ಆಗೋ ಮಾತಲ್ಲ, ಇನ್ನೂ ದಪ್ಪ ಹಚ್ಚಿದ್ರೂ ಅಷ್ಟೇ. ಟೈಮ್ ಟೇಬಲ್ಲನ್ನ ಬಾಗಿಲಿಗೋ, ಕಪಾಟಿನ ಪಕ್ಕಕ್ಕೋ, ಕಿಟಕಿ ಗಾಜಿಗೋ ಅಂಟಿಸಿ, ಪಾಲಿಶ್ ಅಥವಾ ಎನಾಮೆಲ್ ಪೇಂಟ್ ಇರೋ ಯಾವ ಜಾಗ ಆದ್ರೂ ಸರಿ, ಒಣ ಬಟ್ಟೇಲಿ ಒಂದ್ಸಲ ಒರೆಸಿ ಹಚ್ಚಿದ್ರೆ ವರ್ಷಗಟ್ಟಲೆ ಅಲ್ಲಾಡಲ್ಲ. ಗೋಡೆಗೇ ಬೇಕು ಅಂದ್ರೆ ಎರಡು ಮೊಳೆ ಹೊಡೆದು ಮಧ್ಯೆ ಒಂದು ದಾರ ಬಿಗಿದು ಬಟ್ಟೆ ಕ್ಲಿಪ್ ಹಾಕಿ ನೇತು ಹಾಕಿಬಿಡಿ, ಪ್ರತಿ ವರ್ಷ ಟೈಮ್ ಟೇಬಲ್ ಬದಲಾಯಿಸೋಕೂ ಅನುಕೂಲ.

ಕರಾವಳಿಯಿಂದ ಬರೆದೋರಿಗೂ ಇಲ್ಲೇ ಹೇಳ್ತೀನಿ, ಮಳೆಗಾಲದಲ್ಲಿ ಬೆವರೋ ಗೋಡೆಗೆ ಪುಟ್ಟಿ ನಿಲ್ಲಲ್ಲ. ತೇವ ಅದರ ದೊಡ್ಡ ಶತ್ರು, ಅಡುಗೆಮನೆ ಟೈಲ್ಸ್ ಮೇಲಿನ ಒಗ್ಗರಣೆ ಜಿಡ್ಡು ಎರಡನೇದು. ಟೈಲ್ಸ್ ಆದ್ರೆ ಸೋಪ್ ಹಾಕಿ ತೊಳೆದು ಒಣಗಿಸಿ ಅಂಟಿಸಬಹುದು, ಬೆವರೋ ಗೋಡೆಗೆ ಡಿಸೆಂಬರ್ ತನಕ ಕಾಯ್ಬೇಕು.

ಪ್ರಶ್ನೆ: ಇದೆಂಥ ವಸ್ತು ಮಾರಾಯ್ರೆ, ಬಿಚ್ಚಿಟ್ಟು ಎಷ್ಟು ಕಾಲ ಆದ್ರೂ ಒಣಗುದೇ ಇಲ್ಲ. ಯಾವುದರಿಂದ ಮಾಡುದು? ನಮ್ಮ ಎರಡು ವರ್ಷದ ಪಾಪು ಒಂದು ಚೂರು ಬಾಯಿಗೆ ಹಾಕಿ ನುಂಗಿತು, ಏನಾದ್ರೂ ಆದೀತಾ?
(ಮಂಗಳೂರು)

ಉತ್ತರ: ಮಗು ವಿಷಯ ಮೊದಲು. ಕಡಲೆಕಾಳಿನಷ್ಟು ಚೂರು ಆಗಿದ್ದು ಮಗು ಆಡ್ಕೊಂಡು ಊಟ ಮಾಡ್ಕೊಂಡು ಇದ್ರೆ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತೆ, ಒಳ್ಳೆ ಕಂಪನಿಯವು ವಿಷಕಾರಿ ಅಲ್ಲ ಅಂತ ಪ್ಯಾಕೆಟ್ ಮೇಲೇ ಹಾಕಿರ್ತಾರೆ. ಆದ್ರೂ ಆ ಪ್ಯಾಕೆಟ್ ಕೈಯಲ್ಲಿ ಹಿಡ್ಕೊಂಡು ಮಕ್ಕಳ ಡಾಕ್ಟ್ರಿಗೆ ಒಂದು ಫೋನ್ ಮಾಡಿ. ಕೆಮ್ಮು, ಉಸಿರಾಟಕ್ಕೆ ಕಷ್ಟ, ಜೊಲ್ಲು ಸುರೀತಾ ಇರೋದು, ವಾಂತಿ ಇದ್ರೆ ಫೋನೂ ಬೇಡ, ನೇರ ಆಸ್ಪತ್ರೆ. ನಿಜವಾದ ಅಪಾಯ ವಿಷದ್ದಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳೋದು. ಹಾಗಾಗಿ ತೆವಳೋ ಮಕ್ಕಳಿರೋ ಮನೇಲಿ ಕೆಳಗಿನ ಸಾಲಿನ ಚಾರ್ಟಿಗೆ ಪುಟ್ಟಿ ಹಾಕಲೇಬೇಡಿ, ಮಕ್ಕಳು ಮೊದಲು ಮಾಡೋ ಕೆಲಸಾನೇ ಮೂಲೆ ಎತ್ತಿ ಅದನ್ನ ಕೀಳೋದು.

ಇನ್ನು ಯಾವುದರಿಂದ ಮಾಡೋದು ಅಂದ್ರೆ, ಒಳಗಿರೋದು ಒಂದು ಥರದ ಸಿಂಥೆಟಿಕ್ ರಬ್ಬರು, ಅದಕ್ಕೆ ಮೈ ಕೊಡೋಕೆ ಸುಣ್ಣದ ಕಲ್ಲಿನ ನುಣ್ಣನೆ ಪುಡಿ ಅಂದ್ರೆ ಕ್ಯಾಲ್ಸಿಯಂ ಕಾರ್ಬೋನೇಟು, ಮೆತ್ತಗಿರೋಕೆ ಸ್ವಲ್ಪ ಮಿನರಲ್ ಎಣ್ಣೆ. ಫೆವಿಕಾಲ್ ಒಣಗೋದು ಅದರಲ್ಲಿರೋ ನೀರು ಆರಿ ಹೋಗಿ, ಇದರಲ್ಲಿ ಆರಿ ಹೋಗೋಕೆ ನೀರೇ ಇಲ್ಲ, ಹಂಗಾಗಿ ಒಣಗಲ್ಲ. ಒತ್ತಿದಾಗ ಮೇಲ್ಮೈಯ ಉಬ್ಬು ತಗ್ಗಿಗೆಲ್ಲ ಹರಿದು ಕೂತು ಹಿಡ್ಕೊಳ್ಳುತ್ತೆ. ಜೋರಾಗಿ ಎಳೆದ್ರೆ ಗಟ್ಟಿ ವಸ್ತುವಾಗಿ ವರ್ತಿಸುತ್ತೆ, ನಿಧಾನಕ್ಕೆ ಎಳೆದ್ರೆ ಹಿಗ್ಗುತ್ತೆ, ನಿಧಾನ ನಿಧಾನ ಅಂತ ನಾನು ಬಡ್ಕೊಳ್ಳೋದು ಇದಕ್ಕೇ. ಗೋಡೆ ಮೇಲೆ, ಪೇಪರ್ ಮೇಲೆ ಕಲೆ ಬೀಳೋದು ಆ ಎಣ್ಣೆಯಿಂದ. ವರ್ಷಾನುಗಟ್ಟಲೆ ಒಂದೇ ಕಡೆ ಬಿಟ್ರೆ ಎಣ್ಣೆ ಮೆಲ್ಲಗೆ ಇಳಿದು ಪುಟ್ಟಿ ಬಿರುಸಾಗುತ್ತೆ, ಪಕ್ಕದ ಕಾಗದ ಜಿಡ್ಡಾಗುತ್ತೆ.

ನೀಲಿ ಬಣ್ಣದ ಕತೇನೂ ಹೇಳ್ತಾರೆ. ಬಾಸ್ಟಿಕ್ ಕಂಪನಿಯ ಬ್ಲೂ ಟ್ಯಾಕ್ ಮೊದಲು ಬಿಳಿ ಬಣ್ಣದಲ್ಲೇ ಇತ್ತಂತೆ, ಮಕ್ಕಳು ಚೂಯಿಂಗ್ ಗಮ್ ಅಂತ ಬಾಯಿಗೆ ಹಾಕ್ಕೊಂಡಾರು ಅನ್ನೋ ಹೆದರಿಕೆಗೆ ನೀಲಿ ಸೇರಿಸಿದ್ರಂತೆ. ನಿಮ್ಮ ಪಾಪುಗೆ ಬಣ್ಣದ ಹಂಗೇನೂ ಇದ್ದಂತಿಲ್ಲ.

ಪ್ರಶ್ನೆ: ಮೇಡಂ, ನಮ್ಮನೇಲಿ ದಸರಾಕ್ಕೆ ಗೊಂಬೆ ಕೂರಿಸೋ ಪದ್ಧತಿ ಇದೆ. ಮೊಮ್ಮಕ್ಕಳು ಓಡಾಡಿದ್ರೆ ಮೆಟ್ಟಿಲು ಅಲ್ಲಾಡಿ ಗೊಂಬೆ ಬೀಳ್ತಾವೆ ಅಂತ ಹೋದ ವರ್ಷ ಎಲ್ಲಕ್ಕೂ ಕೆಳಗೆ ಈ ಪುಟ್ಟಿ ಇಟ್ಟೆ. ಬಿಳಿ ಪಂಚೆ ಮೇಲೆಲ್ಲ ಅಂಟು, ಅತ್ತೆಯವರ ಕಾಲದ ಪಟ್ಟದ ಗೊಂಬೆ ಪಾದದಲ್ಲೂ ಒಂದಿಷ್ಟು ಹಾಗೇ ಇದೆ. ತೆಗೆಯೋದು ಹೇಗೆ? ಈ ವರ್ಷ ಏನು ಮಾಡಲಿ?
(ಮೈಸೂರು)

ಉತ್ತರ: ಪಟ್ಟದ ಗೊಂಬೆ ವಿಷಯದಲ್ಲಿ ತುಂಬಾ ಹುಷಾರು ಅಮ್ಮ. ಮರದ ಮೇಲಿನ ಹಳೇ ಬಣ್ಣ ಈಗಾಗಲೇ ಸಡಿಲವಾಗಿರುತ್ತೆ. ಸ್ವಲ್ಪ ಪುಟ್ಟಿ ತಗೊಂಡು ಮೆಲ್ಲಗೆ ತಾಗಿಸಿ ತಾಗಿಸಿ ಎಷ್ಟು ಬರುತ್ತೋ ಅಷ್ಟು ತೆಗೀರಿ, ಅದೂ ಬಣ್ಣ ಇಲ್ಲದ ಅಡಿಭಾಗದಲ್ಲಿ ಮಾತ್ರ. ಬಣ್ಣದ ಮೇಲೆ ಅಂಟಿದ್ರೆ ಬಿಟ್ಟುಬಿಡಿ, ಪಾದದ ಕೆಳಗೆ ಒಂಚೂರು ಪುಟ್ಟಿ ಇದ್ರೆ ರಾಜನಿಗೂ ರಾಣಿಗೂ ಏನೂ ಕಮ್ಮಿಯಾಗಲ್ಲ, ಬಣ್ಣ ಹೋದ್ರೆ ವಾಪಸ್ ಬರಲ್ಲ.

ಚನ್ನಪಟ್ಟಣದ ಗೊಂಬೆಗಳಿಗೆ ಬೇರೆ ಲೆಕ್ಕ. ಅವಕ್ಕೆ ಹಚ್ಚಿರೋದು ಅರಗು, ನುಣುಪಾಗಿರುತ್ತೆ, ಪುಟ್ಟಿ ಉರುಳಿಸಿದ್ರೆ ಸಲೀಸಾಗಿ ಬಿಡುತ್ತೆ. ಆದ್ರೆ ಉಳಿದ ಜಿಡ್ಡು ಒರೆಸೋಕೆ ಅಂತ ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಿದ್ರೋ ಅರಗೇ ಕರಗಿ ಬಣ್ಣ ಕಲಸಿ ಹೋಗುತ್ತೆ. ಒಣ ಹತ್ತಿ ಬಟ್ಟೆ ಸಾಕು.

ಪಂಚೆ ಹತ್ತಿಯದ್ದಾದ್ರೆ ಮಡಚಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಲ್ಲಿ ಒಂದೆರಡು ಗಂಟೆ ಇಡಿ, ಪುಟ್ಟಿ ಬಿರುಸಾಗುತ್ತೆ, ಚಮಚದ ಹಿಂಬದಿಯಲ್ಲಿ ಕೆರೆದ್ರೆ ಪುಡಿಪುಡಿಯಾಗಿ ಉದುರುತ್ತೆ. ಮತ್ತೆ ಮೆತ್ತಗಾದ್ರೆ ಮತ್ತೆ ಫ್ರೀಜರ್. ಪೂರ್ತಿ ಕೆರೆದಾದ್ಮೇಲೆ ಪಾತ್ರೆ ಲಿಕ್ವಿಡ್ ಹಚ್ಚಿ ಉಜ್ಜಿ ಒಗೀರಿ. ಕೆರೆಯೋ ಮುಂಚೆ ಬಿಸಿ ನೀರಲ್ಲಿ ನೆನೆಸೋದು, ವಾಷಿಂಗ್ ಮಷಿನ್ನಿಗೆ ಹಾಕೋದು, ಇಸ್ತ್ರಿ ಮಾಡೋದು ಮಾಡ್ಬೇಡಿ, ನೂಲಿನೊಳಗೆ ಇಳಿದುಬಿಟ್ರೆ ಅಲ್ಲಿಗೆ ಮುಗೀತು. ಮಕ್ಕಳ ಯೂನಿಫಾರ್ಮ್ ಬಗ್ಗೆ ತುಮಕೂರಿಂದ ಕೇಳಿದೋರಿಗೂ ಇದೇ ಉತ್ತರ. ರೇಷ್ಮೆ ಆದ್ರೆ ಮನೇಲಿ ಪ್ರಯೋಗ ಬೇಡವೇ ಬೇಡ, ಡ್ರೈ ಕ್ಲೀನಿಂಗಿಗೆ ಕೊಟ್ಟು ಕಲೆ ಯಾತರದ್ದು ಅಂತ ಬಾಯಿಬಿಟ್ಟು ಹೇಳಿ.

ಈ ವರ್ಷಕ್ಕೆ ನನ್ನ ಮಾತು ಕೇಳಿದ್ರೆ ಬಟ್ಟೆ ಮೇಲೆ ಪುಟ್ಟಿ ಇಡೋದೇ ಬೇಡ, ಬಟ್ಟೇನೇ ಜಾರ್ತಿದ್ರೆ ಗೊಂಬೆಯನ್ನ ಬಟ್ಟೆಗೆ ಅಂಟಿಸಿ ಏನು ಪ್ರಯೋಜನ ಹೇಳಿ. ಮೊದಲು ಬಟ್ಟೇನ ಎಳೆದು ಬಿಗಿದು ಹಲಗೆ ಅಂಚಿಗೆ ಡ್ರಾಯಿಂಗ್ ಪಿನ್ ಹೊಡೀರಿ. ಮೆಟ್ಟಿಲಿನ ಕಾಲು ಅಲ್ಲಾಡ್ತಿದ್ರೆ ಕೆಳಗೆ ರಟ್ಟು ಮಡಚಿ ಕೊಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಪ್ಲಾಸ್ಟಿಕ್, ಪಿಂಗಾಣಿ, ಗಾಜಿನ ಹೊಸ ಗೊಂಬೆಗಳಿದ್ರೆ ಒಂದು ದಪ್ಪ ರಟ್ಟಿನ ತುಂಡಿಗೆ ಪುಟ್ಟಿಯಿಂದ ಕೂರಿಸಿ, ಆ ರಟ್ಟನ್ನ ಮೆಟ್ಟಿಲ ಮೇಲಿಡಿ, ಬುಡ ಅಗಲ ಆದ್ರೆ ಸುಲಭಕ್ಕೆ ಉರುಳಲ್ಲ. ಮಣ್ಣಿನ ಗೊಂಬೆಗೆ ಬೇಡ, ಮಣ್ಣು ಎಣ್ಣೆ ಕುಡಿಯುತ್ತೆ. ಭೂಕಂಪ ಆಗೋ ಜಪಾನು, ಕ್ಯಾಲಿಫೋರ್ನಿಯಾ ಕಡೆ ಶೋಕೇಸ್ ಸಾಮಾನು ಬೀಳದೆ ಇರಲಿ ಅಂತ ಇಂಥದ್ದೇ ಪುಟ್ಟಿ ಇಡ್ತಾರೆ, ಮ್ಯೂಸಿಯಂಗಳಲ್ಲಿ ಅದಕ್ಕೇ ಅಂತ ಒಂಥರ ಮೇಣ ಬಳಸೋದುಂಟು. ಪಟ್ಟದ ಗೊಂಬೆಗೆ ಮಾತ್ರ ಅದೂ ಬೇಡ, ಮೊಮ್ಮಕ್ಕಳಿಗೆ ಎಟುಕದ ಮೇಲಿನ ಸಾಲು ಹೇಗೂ ಅವುಗಳದ್ದೇ ತಾನೆ.

ಪ್ರಶ್ನೆ: ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದ್ತಿದೀನಿ. ಹಾಸ್ಟೆಲ್ ಒಪ್ಪಂದದಲ್ಲಿ ಗೋಡೆಗೆ ಬ್ಲೂ ಟ್ಯಾಕ್ ಹಾಕಂಗಿಲ್ಲ ಅಂತ ಬರೆದಿದೆ. ಅಮ್ಮ ಕಳಿಸಿದ ರಂಗೋಲಿ ಸ್ಟಿಕರು, ಫೋಟೋ ಎಲ್ಲ ಎಲ್ಲಿ ಹಾಕ್ಲಿ?

ಉತ್ತರ: ವರ್ಷಗಟ್ಟಲೆ ಬ್ಲೂ ಟ್ಯಾಕ್ ತಯಾರು ಮಾಡಿದ ಊರಲ್ಲೇ ಬ್ಲೂ ಟ್ಯಾಕ್ ಹಾಕಂಗಿಲ್ಲ, ಚೆನ್ನಾಗಿದೆ! ಅಲ್ಲಿನ ಎಷ್ಟೋ ಹಾಸ್ಟೆಲ್‌ಗಳಲ್ಲಿ ಇದೇ ರೂಲ್ಸು, ಕಾರಣ ಮೇಲೆ ಹೇಳಿದ ಎಣ್ಣೆ ಕಲೆ, ಪೇಂಟ್ ಚಕ್ಕೆ. ರೂಮಲ್ಲಿ ನೋಟಿಸ್ ಬೋರ್ಡ್ ಇದ್ರೆ ಅದಕ್ಕೆ ಪಿನ್ ಹೊಡಿ. ಇಲ್ಲಾಂದ್ರೆ ಕಿಟಕಿ ಗಾಜು, ಕನ್ನಡಿ ಅಂಚು, ಆದ್ರೆ ಅದಕ್ಕೂ ಮೊದಲು ಆಫೀಸಲ್ಲಿ ಕೇಳ್ಕೋ. ಗಾಜಿನ ಮೇಲೆ ಉಳಿದ ಪುಟ್ಟಿ ಚುಕ್ಕೆ ಹೋಗಲಿಲ್ಲ ಅಂದ್ರೆ ಕಿತ್ತಳೆ ಸಿಪ್ಪೆ ಎಣ್ಣೆಯಿಂದ ಮಾಡಿದ ಸ್ಟಿಕರ್ ರಿಮೂವರ್ ಸಿಗುತ್ತೆ, ಅದು ರಬ್ಬರನ್ನ ಚೆನ್ನಾಗಿ ಬಿಡಿಸುತ್ತೆ, ಆದ್ರೆ ಪ್ಲಾಸ್ಟಿಕ್ ಫ್ರೇಮಿಗೆ ತಾಗಿಸಬೇಡ. ರೂಮಿಗೆ ಬಂದ ದಿನವೇ ನಾಕೂ ಗೋಡೆ ಫೋಟೋ ತೆಗೆದಿಟ್ಟಿಲ್ಲ ಅಂದ್ರೆ ಇವತ್ತೇ ತೆಗೆದಿಡು, ಹಿಂದಿನವರು ಮಾಡಿದ ಕಲೆಗೆ ನೀನು ದುಡ್ಡು ಕಟ್ಟೋದು ತಪ್ಪುತ್ತೆ.

ಪ್ರಶ್ನೆ: ಪೋಸ್ಟರ್ ಹಿಂದೆ ಜಿಡ್ಡು ಕಲೆ ಬಂದು ಮುಂದಕ್ಕೂ ಕಾಣುತ್ತೆ. ಬರದ ಹಾಗೆ ಮಾಡೋಕಾಗುತ್ತಾ?
(ಶಿವಮೊಗ್ಗ)

ಉತ್ತರ: ಆಗುತ್ತೆ. ಪೋಸ್ಟರ್ ಹಿಂದೆ ಮೂಲೆಗಳಿಗೆ ಮೊದಲು ಸೆಲ್ಲೋ ಟೇಪ್ ಚೌಕ ಅಂಟಿಸಿ, ಪುಟ್ಟಿಯನ್ನ ಆ ಟೇಪ್ ಮೇಲೆ ಒತ್ತಿ. ಎಣ್ಣೆ ಕಾಗದಕ್ಕೆ ಇಳಿಯಲ್ಲ, ತೆಗಿಯುವಾಗ ಮೂಲೆ ಹರಿಯೋದೂ ಇಲ್ಲ. ಆದ್ರೆ ಇದು ಪೋಸ್ಟರಿಗೆ, ಚಾರ್ಟಿಗೆ. ಅಜ್ಜನ ಮದುವೆ ಫೋಟೋ, ಮಾರ್ಕ್ಸ್ ಕಾರ್ಡ್, ಸರ್ಟಿಫಿಕೇಟ್ ಇವಕ್ಕೆ ಪುಟ್ಟಿನೂ ಬೇಡ ಟೇಪೂ ಬೇಡ, ಜೆರಾಕ್ಸ್ ಮಾಡ್ಸಿ ಅದನ್ನ ಅಂಟಿಸ್ಕೊಳಿ.

ಪ್ರಶ್ನೆ: ಒಂದೇ ಪುಟ್ಟೀನ ಎಷ್ಟು ಸಲ ಬಳಸಬಹುದು?
(ಹಾಸನ)

ಉತ್ತರ: ಲೆಕ್ಕ ಅಂತ ಇಲ್ಲ, ಧೂಳು ತುಂಬೋ ತನಕ. ನಾದಿದ್ರೆ ಒಳಗಿನ ಶುಭ್ರ ಭಾಗ ಹೊರಗೆ ಬಂದು ಮತ್ತೆ ಅಂಟುತ್ತೆ. ನಾದಿದ್ರೂ ಬೂದು ಬಣ್ಣಕ್ಕೇ ಉಳಿದು ಬೆರಳಿಗೆ ಅಂಟದೆ ಪುಡಿಯಾದ್ರೆ ಎಸೀರಿ. ನೀರಲ್ಲಿ ತೊಳೆದ್ರೆ ಹೊಸದಾಗುತ್ತೆ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ದು ಸುಳ್ಳು. ಉಳಿದಿದ್ದನ್ನ ಅದು ಬಂದ ಕಾಗದದಲ್ಲೇ ಸುತ್ತಿ ಡಬ್ಬೀಲಿ ಮುಚ್ಚಿಡಿ, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ.

ಪ್ರಶ್ನೆ: ಮಂಚದ ತಲೆದೆಸೆಗೆ ಗಾಜಿನ ಫ್ರೇಮ್ ಹಾಕಿದ ದೊಡ್ಡ ದೇವರ ಫೋಟೋ ಇದೆ. ಮೊಳೆ ಹೊಡಿಯೋಕೆ ಮನೆಯವರು ಬಿಡ್ತಿಲ್ಲ. ಪುಟ್ಟಿ ಜಾಸ್ತಿ ಹಾಕಿದ್ರೆ ತಡಿಯುತ್ತಾ?
(ದಾವಣಗೆರೆ)

ಉತ್ತರ: ತಡಿಯಲ್ಲ. ಇದು ಕಾಗದ, ರಟ್ಟು, ಲ್ಯಾಮಿನೇಟ್ ಮಾಡಿದ ಫೋಟೋದಂಥ ಹಗುರ ಸಾಮಾನಿಗೆ ಇರೋದು. ಭಾರ ಹಾಕಿದ್ರೆ ಪುಟ್ಟಿ ಕಿತ್ಕೊಂಡು ಬರಲ್ಲ, ಇಷ್ಟಿಷ್ಟೇ ಹಿಗ್ಗುತ್ತಾ ಹೋಗಿ ಬೇಸಿಗೆಯ ಒಂದು ರಾತ್ರಿ ಫ್ರೇಮು ಜಾರಿಬಿಡುತ್ತೆ, ಕೆಳಗೆ ಮಲಗಿರೋದು ಯಾರು ಯೋಚನೆ ಮಾಡಿ. ಮೊಳೇನೇ ಹೊಡೀರಿ, ಸಾಧ್ಯ ಆದ್ರೆ ಮಂಚದ ಮೇಲಿಂದ ಜಾಗಾನೂ ಬದಲಾಯಿಸಿ. ಮೊಳೆಗೆ ನೇತು ಹಾಕಿದ್ಮೇಲೆ ಫ್ರೇಮಿನ ಕೆಳಗಿನ ಎರಡು ಮೂಲೆಗೆ ಕಡಲೆಕಾಳಷ್ಟು ಪುಟ್ಟಿ ಇಟ್ಟು ಒತ್ತಿ, ಫ್ಯಾನ್ ಗಾಳಿಗೆ ಫೋಟೋ ಸೊಟ್ಟ ಆಗಲ್ಲ. ಅಲ್ಲಿಗೆ ಮಾತ್ರ ಅದರ ಉಪಯೋಗ.